ಗದ್ದಲದ ಗವಿಯಲ್ಲಿ ಗಾನ

ಕಳೆದ ಮಳೆಗಾಲದ ಒಂದು ಮುಂಜಾನೆ ನಾವು ಹುಬ್ಬಳ್ಳಿಯ ಒಂದು ರೋಗನಿದಾನ ಕೇಂದ್ರದಲ್ಲಿ ಸರದಿಗಾಗಿ ಕಾದು ಕುಳಿತಿದ್ದೆವು. ಬಹುದಿನಗಳ ಬೆನ್ನುನೋವು ನಮ್ಮನ್ನು ಅಲ್ಲಿಗೆ ಅಟ್ಟಿತ್ತು. ನಮಗಿಂತ ಮುಂಚಿನ ಸರದಿ ನವಲಗುಂದ ತಾಲ್ಲೂಕಿನ ಹಳ್ಳಿಯೊಂದರಿಂದ ಬಂದಿದ್ದ, ಎಪ್ಪತ್ತು ದಾಟಿದ ಅಜ್ಜಿಯೊಬ್ಬರದು. ಒಂದು ತಿಂಗಳಿಂದ ಅವರ ಕಾಲುಗಳ ಬಲ ಕುಗ್ಗುತ್ತ ಬಂದಿತ್ತು. ಬೆನ್ನುಹುರಿಯನ್ನು ಏನೋ ಅದುಮುತ್ತಿರಬೇಕೆಂದು ವೈದ್ಯರಿಗೆ ಸಂಶಯ. ಅದುಮುತ್ತಿರುವುದು ಏನು, ಎಲ್ಲಿ ಎಂಬುದು ಬೇಗ ತಿಳಿಯದೆ ಹೋದರೆ ಕಳೆದುಕೊಂಡ ಬಲ ಮರಳಿ ಬಾರದಿರಬಹುದು. ಅದನ್ನು ತಿಳಿಯಲೆಂದೇ ಅವರಿಗೆ ಎಂ.ಆರ್.ಐ. ಸ್ಕ್ಯಾನ್ ಮಾಡಿಸಬೇಕೆಂದು ಬರೆದುಕೊಟ್ಟಿದ್ದರು.

ಯಂತ್ರದ ಕೋಣೆಗೆ ಲೋಹದ ವಸ್ತುಗಳನ್ನು ಒಯ್ಯಕೂಡದು. ಬೆಂಡೋಲೆ, ಮೂಗುತಿಗಳನ್ನು ತೆಗೆದಿರಿಸುವಾಗ ಅಜ್ಜಿ ಏನೂ ಅನ್ನಲಿಲ್ಲ. ಆದರೆ ಜೀವಮಾನವೆಲ್ಲ ಕೊರಳಲ್ಲಿದ್ದ ಲಿಂಗದ ಬೆಳ್ಳಿಯ ಕರಡಿಗೆಯನ್ನು ಮೊಮ್ಮಗನ ಕೈಗೆ ಕೊಡಬೇಕಾಗಿ ಬಂದಾಗ ಅವರ ಮುಖ ಬಾಡಿತು. ಒಳಗೆ ಹೋಗಿ ಮೂರು ನಿಮಿಷಗಳೂ ಆಗಿರಲಾರವು. ಸಂಕಟವಾದರೆ ಒತ್ತಿರೆಂದು ಕೈಗೆ ಕೊಟ್ಟಿದ್ದ ರಬ್ಬರಿನ ಗುಂಡನ್ನು ಒತ್ತಿ ಹೊರಬಂದುಬಿಟ್ಟರು. “ಕುಣ್ಯಾಗ ಇಳಿಸಿದಂಗ ಆತೋ ತಮ್ಮಾ. ನಾ ಒಲ್ಲೆ,” ಎಂದು ಮೊಮ್ಮಗನ ತೋಳು ಹಿಡಿದರು. “ಅಜ್ಜಿ, ಹೆದರಬ್ಯಾಡ್ರಿ, ಏನೂ ಆಗೂದಿಲ್ಲ,” ಎಂದು ಯಂತ್ರ ನಡೆಸುವ ತರುಣನು ಎಷ್ಟು ಹೇಳಿದರೂ ಕೇಳಲಿಲ್ಲ. ಮಂಪರಿನ ಮದ್ದು ಕೊಡುವುದೊಂದು ಮಾರ್ಗವುಂಟು. ಆದರೆ ಅಜ್ಜಿಗೆ ದಮ್ಮಿನ ಕಾಯಿಲೆ. ಅಂಥವರಿಗೆ ಮಂಪರು ಬರಿಸುವುದಾದರೆ ಉಸಿರಾಟದ ಮೇಲೆ ಕಣ್ಣಿಟ್ಟಿರಲು ಅರಿವಳಿಕೆಯ ತಜ್ಞರು ಬಳಿಯಲ್ಲಿರಬೇಕು. ಅವರು ಅಂದು ಅಲ್ಲಿರಲಿಲ್ಲ.

ಇದು ಅಪರೂಪದ ಸಂಗತಿಯೆಂದು ವಾಚಕರು ಭಾವಿಸಬಾರದು. ಈ ಬಗೆಯ ತಪಾಸಣೆಗೆ ಒಳಗಾದವರಲ್ಲಿ ನೂರಕ್ಕೆ 4ರಿಂದ 30 ಮಂದಿಗೆ ಆತಂಕದ ಬಾಧೆ ತಗಲುವುದೆಂದು 1993ರಲ್ಲಿ ಅಮೆರಿಕದ ವೈದ್ಯಕೀಯ ಪತ್ರಿಕೆಯೊಂದರಲ್ಲಿ ಬಂದ ಸಮೀಕ್ಷೆ ತಿಳಿಸುತ್ತದೆ. ಸಂಖ್ಯೆಯ ಈ ಅಗಲವೇ ಆತಂಕವನ್ನು ಅಳೆಯುವುದು ಎಷ್ಟು ಕಷ್ಟವೆಂಬುದನ್ನು ತೋರಿಸುವಂತಿದೆ. ಸಣ್ಣ ಕಳವಳದಿಂದ ಹಿಡಿದು ಎದ್ದು ಓಡುವವರೆಗೆ ಎಲ್ಲವೂ ಅದರಲ್ಲಿ ಅಡಕವಾಗಿವೆ.

ಅಜ್ಜಿ ಬಿಟ್ಟ ಜಾಗಕ್ಕೆ ನಮ್ಮನ್ನು ಕರೆದರು. ವಿಜ್ಞಾನದ ವಿಷಯವಾಗಿ ನಾಲ್ಕು ಮಾತು ಬರೆದು ಬಲ್ಲವರೆಂಬ ಹಮ್ಮು ನಮಗಿತ್ತು. ಹಾಸುಹಲಗೆಯು ಕೊಳವೆಯೊಳಕ್ಕೆ ಸರಿಯುವವರೆಗೆ ಮಾತ್ರ ಅದು ಉಳಿಯಿತು. ಹಳೆಯ ಮಾದರಿಯ ಯಂತ್ರಗಳ ಕೊಳವೆಯ ಅಗಲ ಸುಮಾರು 60 ಸೆಂಟಿಮೀಟರು, ಹೊಸವುಗಳದು 70. ಕೈಗಳನ್ನು ಪಕ್ಕಕ್ಕೆ ಚಾಚಲು ಆಸ್ಪದವಿಲ್ಲ. ಕಣ್ಣು ತೆರೆದರೆ ಮುಖದ ಮೇಲೆಯೇ ಬಿಳಿಯ ಚಾವಣಿ. ‘ಅಲುಗಬೇಡಿ’ ಎಂದರೋ ಇಲ್ಲವೋ, ಮೂಗಿನ ತುದಿಯಲ್ಲಿ ತುರಿಕೆ ಹುಟ್ಟಿತು. ಅನಂತರ ಗದ್ದಲ ಮೊದಲಾಯಿತು.

ಈ ಗದ್ದಲದ ಮೂಲವನ್ನು ತಿಳಿಯಬೇಕಾದರೆ ಯಂತ್ರದ ಕೆಲಸವನ್ನು ಸ್ವಲ್ಪ ತಿಳಿಯಬೇಕು. ನಮ್ಮ ಶರೀರದ ನೀರಿನಲ್ಲಿಯೂ ಕೊಬ್ಬಿನಲ್ಲಿಯೂ ಜಲಜನಕ ಹೇರಳವಾಗಿದೆ. ಜಲಜನಕದ ಪರಮಾಣುವಿನ ನಡುವಿನ ಪ್ರೋಟಾನು ಅತಿ ಕಿರಿಯ ಸೂಜಿಗಲ್ಲಿನಂತೆ ವರ್ತಿಸುತ್ತದೆ. ಸಾಮಾನ್ಯವಾಗಿ ಬಳಕೆಯಲ್ಲಿರುವ ಯಂತ್ರದ ಕಾಂತಕ್ಷೇತ್ರ 1.5 ಟೆಸ್ಲಾ, ಅಂದರೆ ಭೂಮಿಯ ಕಾಂತಕ್ಷೇತ್ರಕ್ಕಿಂತ ಸುಮಾರು 30,000 ಮಡಿ ಹೆಚ್ಚು. ಅದರಲ್ಲಿ ಪ್ರೋಟಾನುಗಳು ಬುಗುರಿಯ ತಲೆಯಂತೆ ಸೆಕೆಂಡಿಗೆ ಸುಮಾರು 6 ಕೋಟಿ 40 ಲಕ್ಷ ಸಲ ತೂಗಾಡುತ್ತವೆ. ಅದೇ ಲೆಕ್ಕದ ರೇಡಿಯೋ ಅಲೆಯನ್ನು ಹಾಯಿಸಿದರೆ ಅವು ಅದನ್ನು ಹೀರಿ, ಬಳಿಕ ತಾವೇ ಮಿಡಿಯುತ್ತವೆ. ಸಿತಾರಿನ ಮೇಲಣ ತಂತಿಯನ್ನು ಮೀಟಿದಾಗ ಅದೇ ಸ್ವರಕ್ಕೆ ಕೂಡಿಸಿದ ಕೆಳಗಿನ ತರಬಿನ ತಂತಿ ಯಾರೂ ಮುಟ್ಟದೆ ನುಡಿಯುವುದನ್ನು ಧಾರವಾಡದವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಇದೂ ಅದೇ ಅನುರಣನ. ಈ ಮಿಡಿತದಿಂದ ಚಿತ್ರವನ್ನು ಪಡೆಯುವ ವಿಧಾನವನ್ನು ಪಾಲ್ ಲಾಟರ್‌ಬರ್ 1973ರಲ್ಲಿ ಪ್ರಕಟಿಸಿದರು. ಬ್ರಿಟನ್ನಿನ ಪೀಟರ್ ಮ್ಯಾನ್ಸ್‌ಫೀಲ್ಡ್ ಅದನ್ನು ಶೀಘ್ರಗೊಳಿಸಿದರು. ಇಬ್ಬರಿಗೂ 2003ರಲ್ಲಿ ನೊಬೆಲ್ ಪಾರಿತೋಷಕ ದೊರೆಯಿತು. 1977ರಲ್ಲಿ ರೇಮಂಡ್ ಡಮೇಡಿಯನ್ ಎಂಬ ವೈದ್ಯರು ಮೊದಲ ಬಾರಿಗೆ ಮನುಷ್ಯನ ಎದೆಯ ಚಿತ್ರವನ್ನು ತೆಗೆದಾಗ ಅದಕ್ಕೆ ಹೆಚ್ಚುಕಡಿಮೆ ಐದು ತಾಸು ಹಿಡಿದಿತ್ತು. ಇಂದು ಅರ್ಧ ತಾಸು ಸಾಲದೆನ್ನುವ ನಾವು ಅದನ್ನು ನೆನೆಯಬೇಕು.

ಮಿಡಿತ ಬಂದುದು ಶರೀರದ ಯಾವ ಭಾಗದಿಂದ ಎಂಬುದನ್ನು ಗುರುತಿಸಲು ಕೊಳವೆಯ ಸುತ್ತ ಬೇರೆ ತಾಮ್ರದ ಸುರುಳಿಗಳಿವೆ. ಅವುಗಳಲ್ಲಿ ನೂರಾರು ಆಂಪಿಯರುಗಳಷ್ಟು ವಿದ್ಯುತ್ತು ಕ್ಷಣಕ್ಷಣಕ್ಕೂ ಏರಿಳಿಯುತ್ತದೆ. ಕಾಂತಕ್ಷೇತ್ರದಲ್ಲಿರುವ ತಂತಿಯಲ್ಲಿ ವಿದ್ಯುತ್ತು ಹರಿದರೆ ತಂತಿಗೆ ನೂಕು ತಗಲುವುದಷ್ಟೆ? ರೇಡಿಯೋದ ಧ್ವನಿವರ್ಧಕದಲ್ಲಿ ಈ ನೂಕಿನಿಂದಲೇ ಕಾಗದದ ಪೊರೆ ಅದುರಿ ಹಾಡು ಹೊಮ್ಮುತ್ತದೆ. ಇಲ್ಲಿ ಭಾರವಾದ ಸುರುಳಿಗಳೇ ಅದುರಿ ಕುಟ್ಟುತ್ತವೆ. ಎಂ.ಆರ್.ಐ. ಯಂತ್ರವೆಂದರೆ ಒಂದು ದೈತ್ಯ ಧ್ವನಿವರ್ಧಕ. ರೋಗಿಯು ಅದರ ಒಳಗೇ ಮಲಗಿರುತ್ತಾನೆ. ಸದ್ದು ಕೆಲವು ಚಿತ್ರಣಗಳಲ್ಲಿ 100 ಡೆಸಿಬೆಲ್ಲುಗಳನ್ನು ಮೀರುತ್ತದೆ. ಕಿವಿಗೆ ರಕ್ಷಣೆಯಿಲ್ಲದೆ ಯಾರನ್ನೂ ಒಳಗೆ ಕಳುಹಿಸುವಂತಿಲ್ಲ.

ಇಷ್ಟು ಗದ್ದಲದಲ್ಲಿ ರೋಗಿ ಕಲ್ಲಿನಂತೆ ಅಲುಗದಿರಬೇಕು. ಹೆದರಿದವನಿಗೆ ಅದೇ ಕಷ್ಟ. ಅಡ್ರಿನಲಿನ್ ರಸವು ರಕ್ತಕ್ಕೆ ಸೇರಿ ನಾಡಿ ಓಡುತ್ತದೆ, ಉಸಿರು ಏರುತ್ತದೆ, ಸ್ನಾಯುಗಳು ಬಿಗಿಯುತ್ತವೆ. ಪೂರ್ವಕಾಲದಲ್ಲಿ ಹುಲಿಯನ್ನು ಕಂಡವನು ಓಡಲೆಂದು ಪ್ರಕೃತಿ ಮಾಡಿಟ್ಟ ಈ ಏರ್ಪಾಡು ಓಡಲು ಎಡೆಯಿಲ್ಲದ ಕೊಳವೆಯಲ್ಲಿ ಕೆಡುಕನ್ನೇ ಮಾಡುತ್ತದೆ. ಅಲುಗಿದರೆ ಚಿತ್ರ ಮಸುಕಾಗುವುದು; ಮಸುಕಾದರೆ ಮತ್ತೆ ತೆಗೆಯಬೇಕು; ಮತ್ತೆ ಎಂದೊಡನೆ ಹೆದರಿಕೆ ಇಮ್ಮಡಿಸುವುದು.

ಸಂಗೀತದ ಪ್ರವೇಶವಾಗುವುದು ಇಲ್ಲಿ. ರೋಗಿಯ ಮನಸ್ಸನ್ನು ಹಾಡಿನಿಂದ ತಣಿಸುವ ಯೋಚನೆ ಹೊಸದಲ್ಲ. ಅಮೆರಿಕದ ಇವಾನ್ ಕೇನ್ ಎಂಬ ಶಸ್ತ್ರವೈದ್ಯರು 1914ರಷ್ಟು ಹಿಂದೆಯೇ ಶಸ್ತ್ರಚಿಕಿತ್ಸೆಯ ಕೋಣೆಯಲ್ಲಿ ಫೋನೋಗ್ರಾಫನ್ನು ಇರಿಸಿ, ಅರಿವಳಿಕೆಗೆ ಮುಂಚೆ ರೋಗಿಗಳ ಭಯವನ್ನು ಮರೆಸುತ್ತಿದ್ದುದಾಗಿ ಬರೆದಿದ್ದಾರೆ. ಆದರೆ ‘ರೋಗಿಗೆ ಹಿತವಾಯಿತು’ ಎಂಬ ಮಾತು ವಿಜ್ಞಾನಕ್ಕೆ ಸಾಲದು. ಎಷ್ಟು ಹಿತ, ಯಾವುದಕ್ಕೆ ಹೋಲಿಸಿದರೆ ಎಂದು ಅದು ಕೇಳುತ್ತದೆ. ಆತಂಕವನ್ನು ಅಳೆಯಲು ಸ್ಪೀಲ್‌ಬರ್ಗರ್ ಎಂಬ ಮನಶ್ಶಾಸ್ತ್ರಜ್ಞರು ರಚಿಸಿದ ಪ್ರಶ್ನಾವಳಿಯೊಂದು ಜಗತ್ತಿನಲ್ಲೆಲ್ಲ ಬಳಕೆಯಲ್ಲಿದೆ. ಈ ಗಳಿಗೆಯ ಮನಸ್ಥಿತಿಯನ್ನು ಕುರಿತ 20 ವಾಕ್ಯಗಳು. ಒಂದೊಂದಕ್ಕೂ 1ರಿಂದ 4ರವರೆಗೆ ಅಂಕ. ಒಟ್ಟು 20ರಿಂದ 80. ಶಸ್ತ್ರಚಿಕಿತ್ಸೆಗೆ ಮುಂಚೆ ಸಂಗೀತ ಕೇಳಿಸಿದ 26 ಪ್ರಯೋಗಗಳನ್ನು, ಅಂದರೆ 2,051 ರೋಗಿಗಳ ವಿವರಗಳನ್ನು, 2013ರಲ್ಲಿ ಒಟ್ಟುಗೂಡಿಸಿ ನೋಡಿದಾಗ, ಸಂಗೀತ ಕೇಳಿದವರ ಆತಂಕವು ಕೇಳದವರದಕ್ಕಿಂತ ಈ ಅಳತೆಯಲ್ಲಿ ಸರಾಸರಿ 5.72 ಅಂಕಗಳಷ್ಟು ಹೆಚ್ಚಾಗಿ ಇಳಿದಿತ್ತು. ಪವಾಡವಲ್ಲ, ಆದರೆ ಸುಳ್ಳೂ ಅಲ್ಲ. ಖರ್ಚಿಲ್ಲದ, ಅಪಾಯವಿಲ್ಲದ ಉಪಾಯವೊಂದರಿಂದ ಇಷ್ಟು ದೊರೆತರೆ ನಾವಂತೂ ಬೇಡವೆನ್ನೆವು.

ಅಮೆರಿಕದ ಫಿಲಡೆಲ್ಫಿಯಾದಲ್ಲಿ ನಡೆದ ಇನ್ನೂ ಕುತೂಹಲಕರವಾದ ಪ್ರಯೋಗ 2019ರಲ್ಲಿ ಪ್ರಕಟವಾಯಿತು. ನರವನ್ನು ಜೋಮುಗೊಳಿಸುವ ಸೂಜಿ ಚುಚ್ಚುವುದಕ್ಕೆ ಮುಂಚೆ 157 ರೋಗಿಗಳಲ್ಲಿ ಕೆಲವರಿಗೆ ಮಿಡಜೋಲಮ್ ಎಂಬ ಮಂಪರುಮದ್ದನ್ನು ಕೊಟ್ಟರು, ಉಳಿದವರಿಗೆ ಮೂರು ನಿಮಿಷ ಸಂಗೀತ ಕೇಳಿಸಿದರು. ಆತಂಕದ ಇಳಿತ ಎರಡು ಗುಂಪುಗಳಲ್ಲಿಯೂ ಒಂದೇ ತೆರನಾಗಿತ್ತು. ಆದರೂ ತೃಪ್ತಿ ಹೆಚ್ಚಾಗಿದ್ದುದು ಮದ್ದಿನವರಿಗೇ. ಕಿವಿ ಮುಚ್ಚಿದ್ದರಿಂದ ವೈದ್ಯರೊಡನೆ ಮಾತನಾಡಲು ತೊಡಕಾಯಿತು. ಅಲ್ಲದೆ ಹಾಡನ್ನು ಆರಿಸಿದವರು ಸಂಶೋಧಕರು, ರೋಗಿಯಲ್ಲ.

ಈ ಕೊನೆಯ ಮಾತು ನಮ್ಮ ವಿಷಯಕ್ಕೆ ಬೀಗದ ಕೈಯಂತಿದೆ. ಕೆನಡಾದ ಮಾಂಟ್ರಿಯಲ್ ನಗರದ ಸಂಶೋಧಕರು 2011ರಲ್ಲಿ, ಸಂಗೀತ ಕೇಳುತ್ತಿರುವವರ ಮಿದುಳನ್ನೇ ಸ್ಕ್ಯಾನ್ ಯಂತ್ರಗಳಿಂದ ನೋಡಿದರು. ಹಾಡಿನ ಸೊಗಸಿಗೆ ಮೈ ನವಿರೇಳುವ ಗಳಿಗೆಯಲ್ಲಿಯೂ ಅದಕ್ಕೆ ತುಸು ಮುಂಚೆಯೂ ಮಿದುಳಿನ ಆಳದ ಭಾಗಗಳಲ್ಲಿ ಡೋಪಮಿನ್ ಎಂಬ ರಾಸಾಯನಿಕ ಬಿಡುಗಡೆಯಾಗುತ್ತಿತ್ತು. ಹಸಿದವನಿಗೆ ಅನ್ನ ಸಿಕ್ಕಾಗ ಕೆಲಸ ಮಾಡುವ ಏರ್ಪಾಡೂ ಅದೇ. ಆ ಪ್ರಯೋಗಕ್ಕೆ ಹಾಡುಗಳನ್ನು ತಂದವರು ಕೇಳುಗರೇ. ತಮಗೆ ಪ್ರಿಯವಾದುದನ್ನು, ಮುಂದೆ ಏನು ಬರುವುದೆಂದು ತಿಳಿದಿದ್ದುದನ್ನು ಅವರು ಆರಿಸಿಕೊಂಡಿದ್ದರು. ಕೊಳವೆಯಲ್ಲಿ ಮಲಗಿದವನಿಗೆ ಮುಂದೆ ಏನು ಎಂಬುದೊಂದೂ ತಿಳಿಯದು. ತಿಳಿದ ಹಾಡಿನಲ್ಲಿ ಅದೊಂದಾದರೂ ತಿಳಿದಿರುತ್ತದೆ.

ಹಾಗಾದರೆ ರಾಗಗಳಿಗೆ ತಮ್ಮದೇ ಆದ ಗುಣವಿಲ್ಲವೆ? ನಮ್ಮ ಊರಿನಲ್ಲಿ ಈ ಪ್ರಶ್ನೆಯನ್ನು ಕೇಳದೆ ಮುಂದಕ್ಕೆ ಹೋಗುವಂತಿಲ್ಲ. ‘ಇಂಥ ರೋಗಕ್ಕೆ ಇಂಥ ರಾಗ’ ಎಂದು ಪಟ್ಟಿ ಹಿಡಿದು ಬರುವವರನ್ನು ನಾವು ನಂಬುವುದಿಲ್ಲ. ಆದರೆ ರಾಗದ ಪರಿಣಾಮವನ್ನು ಅಳೆದು ನೋಡಿದವರೂ ಉಂಟು. ಹರಿಯಾಣದ ಮಾನೇಸರದಲ್ಲಿರುವ ರಾಷ್ಟ್ರೀಯ ಮಿದುಳು ಸಂಶೋಧನ ಕೇಂದ್ರದವರು 2015ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 12 ಹಿಂದುಸ್ತಾನೀ ರಾಗಗಳನ್ನು ಸರೋದಿನಲ್ಲಿ ನುಡಿಸಿ ಕೇಳಿಸಿದರು. ಅದೇ ರಾಗ ತಾಳವಿಲ್ಲದ ಆಲಾಪದಲ್ಲಿದ್ದಾಗ ಶಾಂತವೆನಿಸಿದ್ದು, ತಾಳಬದ್ಧವಾದ ಗತ್ತಿಗೆ ಬಂದೊಡನೆ ಉದ್ದೀಪಕವಾಗುತ್ತಿತ್ತು. ಅಂದರೆ ರಾಗದಷ್ಟೇ ಲಯವೂ ಮುಖ್ಯ. ಇಟಲಿಯ ಸಂಶೋಧಕರು 2006ರಲ್ಲಿ 24 ಮಂದಿಗೆ ಆರು ಬಗೆಯ ಸಂಗೀತವನ್ನು ಕೇಳಿಸಿದ್ದರು. ಅವರಲ್ಲಿ ಅರ್ಧ ಮಂದಿ ಸಂಗೀತಗಾರರು. ಲಯ ಚುರುಕಾದಷ್ಟೂ ಉಸಿರು, ನಾಡಿ, ರಕ್ತದೊತ್ತಡಗಳು ಏರಿದವು. ನಮ್ಮ ನಿಧಾನಗತಿಯ ರಾಗಸಂಗೀತವೂ ಆ ಆರರಲ್ಲಿ ಒಂದು. ಅದು ನಾಡಿಯನ್ನು ಇಳಿಸಿತು. ಎಲ್ಲಕ್ಕೂ ಮಿಗಿಲಾದ ವಿಶ್ರಾಂತಿ ಕಂಡುಬಂದುದು ಹಾಡುಗಳ ನಡುವೆ ಎರಡು ನಿಮಿಷ ನಿಲ್ಲಿಸಿದಾಗ! ಆ ಮೌನದಲ್ಲಿ ಹೃದಯವು ಪ್ರಯೋಗಕ್ಕೆ ಮುಂಚಿಗಿಂತಲೂ ಹೆಚ್ಚು ತಣ್ಣಗಾಗಿತ್ತು.

ಈ ಲೆಕ್ಕದಿಂದ ನೋಡಿದರೆ ಹುಬ್ಬಳ್ಳಿಗೆ ಸಮೀಪದ ಕುಂದಗೋಳದ ಸವಾಯಿ ಗಂಧರ್ವರು ತಮ್ಮ ಶಿಷ್ಯರಾದ ಗಂಗೂಬಾಯಿ ಹಾನಗಲ್, ಭೀಮಸೇನ ಜೋಶಿಯವರಿಗೆ ಕಲಿಸಿದ ಕಿರಾನಾ ಪದ್ಧತಿ, ಒಂದೊಂದೇ ಸ್ವರವನ್ನು ಸಾವಕಾಶವಾಗಿ ತೆರೆಯುತ್ತ ಹೋಗುವ ಆ ವಿಲಂಬಿತ, ಕೊಳವೆಗೆ ಹೇಳಿ ಮಾಡಿಸಿದಂತಿದೆ. ಮಲ್ಲಿಕಾರ್ಜುನ ಮನಸೂರರ ಅಭಿಮಾನಿಗಳು ನಮ್ಮ ಮೇಲೆ ಮುನಿಯಬಾರದು: ಜಯಪುರ-ಅತ್ರೌಲಿಯ ಆ ಹೆಣಿಗೆಯ ತಾನುಗಳು ಎಚ್ಚರವಾಗಿ ಕುಳಿತು ಕೇಳತಕ್ಕವು, ಅಂಜಿ ಮಲಗಿದವನಿಗೆ ಅಲ್ಲ. ಇದು ನಮ್ಮ ಊಹೆ, ಪ್ರಯೋಗದ ಫಲವಲ್ಲ.

ಊಹೆಗೆ ಅಡ್ಡಬರುವ ಇನ್ನೊಂದು ಸಂಗತಿಯುಂಟು. ಯಂತ್ರದ ಕೋಣೆಯ ಗೋಡೆಗಳಿಗೆ ಲೋಹದ ತಗಡನ್ನು ಹೊದಿಸಿ ಹೊರಗಿನ ರೇಡಿಯೋ ಅಲೆಗಳನ್ನು ತಡೆದಿರುತ್ತಾರೆ. 1950ರಿಂದ ಈ ಅವಳಿ ನಗರಕ್ಕೆ ಹಾಡು ಕೇಳಿಸುತ್ತ ಬಂದ ಧಾರವಾಡ ಆಕಾಶವಾಣಿಯೂ ಆ ಕೋಣೆಯೊಳಗೆ ಮೂಕ. ಕಿವಿಗೆ ಹಾಕುವ ಸಾಮಾನ್ಯ ಸಾಧನದಲ್ಲಿ ಸೂಜಿಗಲ್ಲಿರುವುದರಿಂದ ಅದನ್ನೂ ಒಯ್ಯುವಂತಿಲ್ಲ. ಆದಕಾರಣ ಅನೇಕ ಕಡೆ ಸದ್ದನ್ನು ಪ್ಲಾಸ್ಟಿಕ್ ನಳಿಗೆಯೊಳಗಣ ಗಾಳಿಯ ಮೂಲಕ ಕಿವಿಗೆ ಮುಟ್ಟಿಸುತ್ತಾರೆ. ವೈದ್ಯರ ಸ್ಟೆತಾಸ್ಕೋಪಿನ ರೀತಿ. ಉದ್ದದ ನಳಿಗೆಯಲ್ಲಿ ತಾರಧ್ವನಿಗಳು ಸೊರಗಿಹೋಗುತ್ತವೆ. ತಂಬೂರಿಗೆ ಜೀವಕಳೆಯಾದ ಜವಾರಿಯ ಝೇಂಕಾರವಿರುವುದು ಆ ಮೇಲಿನ ಧ್ವನಿಗಳಲ್ಲಿಯೇ. ಅದಿಲ್ಲದ ತಂಬೂರಿ ಒಗ್ಗರಣೆಯಿಲ್ಲದ ಸಾರಿನಂತೆ. ಇದರ ಮೇಲೆ ಯಂತ್ರದ ಕುಟ್ಟಣೆ ಬೇರೆ. ಅಂದು ನಮಗೆ ಕೇಳಿಸಿದುದು ಯಾವುದೋ ಚಿತ್ರಗೀತೆಯ ತಾಳವಷ್ಟೇ. ಯಂತ್ರ ಒಂದು ಲಯದಲ್ಲಿ ಬಡಿಯುತ್ತಿತ್ತು, ಹಾಡಿನ ಮೃದಂಗ ಇನ್ನೊಂದರಲ್ಲಿ. ಎರಡು ಬಾಜಾಬಜಂತ್ರಿ ಮೇಳಗಳು ಒಂದೇ ಓಣಿಯಲ್ಲಿ ಎದುರಾದಂತಿತ್ತು. ಯಾವ ಹಾಡು ಬೇಕೆಂದು ನಮ್ಮನ್ನು ಯಾರೂ ಕೇಳಿರಲಿಲ್ಲ. ನಡುವೆ ಯಂತ್ರ ಒಂದು ಚಿತ್ರಣವನ್ನು ಮುಗಿಸಿ ಇನ್ನೊಂದಕ್ಕೆ ಅಣಿಯಾಗುವಾಗ ಸದ್ದಡಗಿ, ಒಂದು ಸಾಲು ಸ್ಪಷ್ಟವಾಗಿ ಕೇಳಿಸಿತು. ಇಟಲಿಯವರ ಮೌನದ ಮಾತು ನಮಗೆ ನೆನಪಾದುದು ಆಗ.

ಈ ಕುಟ್ಟಣೆಯನ್ನೇ ಹಾಡಾಗಿಸಲು ಹೊರಟವರೂ ಇದ್ದಾರೆ. ಅಮೆರಿಕದ ಕೇಸ್ ವೆಸ್ಟರ್ನ್ ರಿಸರ್ವ್ ವಿಶ್ವವಿದ್ಯಾಲಯದ ಎಂಜಿನಿಯರುಗಳು, ಸುರುಳಿಗಳಿಗೆ ಹರಿಸುವ ವಿದ್ಯುತ್ತಿನ ಏರಿಳಿತವನ್ನು ಸಂಗೀತದ ಧ್ವನಿಮುದ್ರಿಕೆಯಿಂದಲೇ ರೂಪಿಸಿದರು. ಯಂತ್ರ ಹೇಗಿದ್ದರೂ ಧ್ವನಿವರ್ಧಕವಲ್ಲವೆ? ಅದು ಚಿತ್ರವನ್ನೂ ತೆಗೆಯಿತು, ಹಾಡನ್ನೂ ನುಡಿಯಿತು. 2016ರ ಹೊತ್ತಿಗೆ ಪ್ರಕಟವಾದ ಈ ಕೆಲಸ ಇನ್ನೂ ದಿನಬಳಕೆಗೆ ಬಂದಿಲ್ಲ. ಸುರುಳಿಗಳು ಮಾಲಕಂಸವನ್ನು ನುಡಿಯುವ ದಿನವನ್ನು ಎದುರುನೋಡುವುದು ತಪ್ಪಲ್ಲ.

ಎಲ್ಲ ಸ್ಕ್ಯಾನುಗಳಿಗೂ ಸಂಗೀತ ಸಲ್ಲದೆಂಬುದನ್ನೂ ಹೇಳಬೇಕು. ಪೆಟ್ ಎಂಬ ಇನ್ನೊಂದು ಬಗೆಯ ತಪಾಸಣೆಯಲ್ಲಿ ವಿಕಿರಣಶೀಲ ಸಕ್ಕರೆಯನ್ನು ರಕ್ತಕ್ಕೆ ಸೇರಿಸಿ, ಅದು ಅಂಗಾಂಶಗಳಿಗೆ ಹರಡಲೆಂದು ಸುಮಾರು ಒಂದು ತಾಸು ರೋಗಿಯನ್ನು ಸುಮ್ಮನೆ ಮಲಗಿಸುತ್ತಾರೆ. ಆಗ ಆತಂಕದಿಂದ ಕುತ್ತಿಗೆ, ಹೆಗಲುಗಳು ಬಿಗಿದರೆ ಆ ಸ್ನಾಯುಗಳೇ ಸಕ್ಕರೆಯನ್ನು ಹೀರಿ ಚಿತ್ರದಲ್ಲಿ ಬೆಳಗುತ್ತವೆ, ವೈದ್ಯರನ್ನು ದಾರಿತಪ್ಪಿಸುತ್ತವೆ. ಇಲ್ಲಿ ಹಾಡು ಉಪಕಾರಿ. ಆದರೆ ನೋಡಬೇಕಾದುದು ಮಿದುಳನ್ನೇ ಆದರೆ, ಆ ಹೊತ್ತಿನಲ್ಲಿ ಹಾಡೂ ಬೇಡ, ಮಾತೂ ಬೇಡ, ಹೆಚ್ಚು ಬೆಳಕೂ ಬೇಡ. ಹಾಡು ಕೇಳುವ ಮಿದುಳಿನ ಭಾಗವು ತನ್ನ ಪಾಲಿನ ಸಕ್ಕರೆಯನ್ನು ಎಳೆದುಕೊಂಡುಬಿಡುತ್ತದೆ.

ಮೇಲಿನ ಪ್ರಯೋಗಗಳಲ್ಲಿ ಬಹುಪಾಲು ಬೇರೆ ದೇಶದ ಕಿವಿಗಳಿಗೆ ಮಾಡಿದವು. ಹುಬ್ಬಳ್ಳಿಯಲ್ಲಿ 1957ರಿಂದ ವೈದ್ಯಕೀಯ ಕಾಲೇಜಿದೆ. ಧಾರವಾಡದಲ್ಲಿ ಸಂಗೀತದ ವಿದ್ವಾಂಸರಿಗೆ ಬರವಿಲ್ಲ. ಗದಗ, ಹಾವೇರಿ ಜಿಲ್ಲೆಗಳಿಂದಲೂ ರೋಗಿಗಳು ಇಲ್ಲಿಗೇ ಬರುತ್ತಾರೆ. ಈ ಪರೀಕ್ಷೆಗೆ ಇದಕ್ಕಿಂತ ತಕ್ಕ ಸ್ಥಳ ಯಾವುದು? ಚೀಟಿಯೆತ್ತಿ ರೋಗಿಗಳನ್ನು ಗುಂಪುಗಳಾಗಿ ವಿಂಗಡಿಸಬೇಕು. ಒಂದಕ್ಕೆ ಕಿವಿಯ ಸಾಧನ ಮಾತ್ರ, ಹಾಡಿಲ್ಲ. ಒಂದಕ್ಕೆ ವಿದ್ವಾಂಸರು ಆರಿಸಿದ ಆಲಾಪ. ಇನ್ನೊಂದಕ್ಕೆ ರೋಗಿ ಕೇಳಿದ ಹಾಡು. ಹಾಡಿಲ್ಲದ ಗುಂಪು ಅತ್ಯಗತ್ಯ. ಇಲ್ಲವಾದರೆ ಗುಣ ಹಾಡಿನದೋ, ಕಿವಿ ಮುಚ್ಚಿದ್ದರದೋ ತಿಳಿಯದು. ಪ್ರಶ್ನಾವಳಿ ಪುಸ್ತಕದ ಕನ್ನಡದಲ್ಲಿರಬಾರದು. ‘ನೀವು ಉದ್ವಿಗ್ನರಾಗಿದ್ದೀರಾ?’ ಎಂದು ನವಲಗುಂದದ ರೈತನನ್ನು ಕೇಳಿದರೆ ಆ ಪ್ರಶ್ನೆಯಿಂದಲೇ ಅವನು ಉದ್ವಿಗ್ನನಾದಾನು. ಎಷ್ಟು ಮಂದಿ ಗುಂಡನ್ನು ಒತ್ತಿದರು, ಎಷ್ಟು ಚಿತ್ರಗಳನ್ನು ಮತ್ತೆ ತೆಗೆಯಬೇಕಾಯಿತು ಎಂಬುದನ್ನು ಎಣಿಸಬೇಕು. ಚಿತ್ರದ ಗುಣವನ್ನು ಅಳೆಯುವ ವೈದ್ಯರಿಗೆ ರೋಗಿ ಯಾವ ಗುಂಪಿನವನೆಂದು ಗೊತ್ತಿರಕೂಡದು. ಹಣ ಹೆಚ್ಚು ಬೇಡ, ತಾಳ್ಮೆ ಬೇಕು.

ನಮ್ಮ ವರದಿ ಕೈಗೆ ಬರುವಾಗ ಮಧ್ಯಾಹ್ನ ಎರಡು ಗಂಟೆ ಮೀರಿತ್ತು. ಅಜ್ಜಿ ಇನ್ನೂ ಅಲ್ಲಿಯೇ ಗೋಡೆಗೊರಗಿ ಕುಳಿತಿದ್ದರು. ಯಂತ್ರದ ತರುಣನು ಹೊರಬಂದು ಅವರ ಮುಂದೆ ಮೊಣಕಾಲೂರಿ ಕುಳಿತು, “ಅಜ್ಜಿ, ನಿಮಗ ಯಾವ ಪದ ಸೇರತಾವ್ರಿ?” ಎಂದು ಕೇಳಿದನು. ಅಜ್ಜಿ ಅವನ ಮುಖವನ್ನು ನೋಡಿ, “ಶರೀಫಜ್ಜಂದು ಇದ್ರ ಹಚ್ಚಪಾ,” ಎಂದರು. ಕಿರಾನಾದ ವಿಲಂಬಿತವನ್ನು ಕುರಿತು ನಾವು ಕಟ್ಟಿದ್ದ ವಾದವೆಲ್ಲ ಅಲ್ಲಿಗೆ ನಿಂತಿತು. ಶಿಶುನಾಳ ಶರೀಫರ ತತ್ತ್ವಪದಗಳು ಮೊಮ್ಮಗನ ಮೊಬೈಲಿನಲ್ಲಿದ್ದವು. ತರುಣನು ಅದನ್ನು ಹೊರಗಿನ ಕೋಣೆಯ ಯಂತ್ರಕ್ಕೆ ಜೋಡಿಸಿದನು. ಒಂದೊಂದು ಸದ್ದು ಎಷ್ಟು ನಿಮಿಷವಿರುವುದೆಂದು ಮುಂಚಿತವಾಗಿ ಹೇಳುವೆನೆಂದನು. ಮೊಮ್ಮಗನ ಜೇಬುಗಳನ್ನು ಬರಿದು ಮಾಡಿಸಿ, ಪರೀಕ್ಷಿಸಿ, ಅವನ ಕಿವಿಗೂ ಅರಳೆಯಂಥ ಬಿರಟೆಗಳನ್ನು ತುರುಕಿ, ಆಯಿಯ ಪಾದ ಹಿಡಿದು ನಿಲ್ಲಲು ಒಳಗೆ ಬಿಟ್ಟನು. ಹಾಡು, ತಿಳುವಳಿಕೆ, ಹಿಡಿದ ಕೈ ಮೂರೂ ಒಮ್ಮೆಗೇ ಬಂದವು. ಫಲದಲ್ಲಿ ಯಾವುದರ ಪಾಲು ಎಷ್ಟೆಂದು ಹೇಳಲಾಗದು. ಪ್ರಯೋಗವೆಂದರೆ ಇದು ಕೆಟ್ಟ ಪ್ರಯೋಗ.

ಇಪ್ಪತ್ತೈದು ನಿಮಿಷಗಳವರೆಗೆ ಗುಂಡು ಒತ್ತಿದ ಗಂಟೆ ಕೇಳಿಸಲಿಲ್ಲ. ಬಾಗಿಲು ತೆರೆಯಿತು. ಚಿತ್ರಗಳು ಚೊಕ್ಕವಾಗಿ ಬಂದಿವೆಯೆಂದು ತರುಣನು ಹೇಳಿದನು. ಮೊಮ್ಮಗ ಕರಡಿಗೆಯನ್ನು ಕೊರಳಿಗೆ ಕಟ್ಟುತ್ತಿರುವಾಗ ಅಜ್ಜಿ ಅವನ ಕಡೆ ತಿರುಗಿ, “ಅಷ್ಟರಾಗ ಬಂದ್ ಮಾಡಿಬಿಟ್ರಲ್ಲೋ. ಪದ ಇನ್ನಾ ಮುಗಿದಿದ್ದಿಲ್ಲ,” ಎಂದರು.